ಕಾರಿನ ಅಲಾರಂ ಕೈಕೊಟ್ಟರೆ: ಕರಾವಳಿಯವರಿಗೊಂದು ದೋಷ ನಿವಾರಣೆ ಕೈಪಿಡಿ

ಮಂಗಳೂರು, ಉಡುಪಿ ಕಡೆ ಜೂನ್ ಮಳೆ ಹಿಡಿದ ಮೇಲೆ ಕಾರಿನ ಎಲೆಕ್ಟ್ರಿಷಿಯನ್‌ಗಳ ಬಳಿ ಒಂದೇ ಬಗೆಯ ದೂರುಗಳು ಬರುತ್ತವೆ. ನಡುರಾತ್ರಿ ಅಲಾರಂ ತಾನಾಗಿ ಕೂಗುತ್ತದೆ. ರಿಮೋಟ್ ಒತ್ತಿದರೆ ಬಾಗಿಲು ತೆರೆಯುವುದಿಲ್ಲ. ಬಾಗಿಲು ತೆರೆದರೂ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ನೆರೆಮನೆಯವರಿಗೆ ನಿದ್ದೆ ಕೆಟ್ಟಿರುತ್ತದೆ, ನಮಗೆ ಬೆಳಿಗ್ಗೆ ಅವರ ಮುಖ ನೋಡಲು ಸಂಕೋಚ. ಆಗ ಸಿಗುವ ಸುಲಭದ ಸಲಹೆ ಒಂದೇ: "ಸೈರನ್ ವಯರ್ ತೆಗೆದು ಬಿಡುವ ಸರ್, ಮತ್ತೆ ಕಿರಿಕಿರಿ ಇರುವುದಿಲ್ಲ."

ದಯವಿಟ್ಟು ಅದಕ್ಕೆ ಒಪ್ಪಬೇಡಿ. ವಯರ್ ತೆಗೆದರೆ ಸದ್ದು ನಿಲ್ಲುತ್ತದೆ, ಅಷ್ಟೇ. ನೀರು ಸೇರಿದ ಸ್ವಿಚ್ ಹಾಗೆಯೇ ಇರುತ್ತದೆ. ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಕಾರಿಗೆ ಕಾವಲೂ ಇರುವುದಿಲ್ಲ. ಈ ದೋಷಗಳಲ್ಲಿ ಹೆಚ್ಚಿನವು ಸಣ್ಣವು. ತಾಳ್ಮೆಯಿಂದ ನೋಡಿದರೆ ಮನೆಯಂಗಳದಲ್ಲೇ ಕಾರಣ ಸಿಗುತ್ತದೆ. ರಿಪೇರಿ ನೀವೇ ಮಾಡದಿದ್ದರೂ ದೋಷ ಎಲ್ಲಿದೆ ಅಂತ ಗೊತ್ತಿದ್ದರೆ, ಗ್ಯಾರೇಜಿನಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿಸುವ ಕಷ್ಟ ತಪ್ಪುತ್ತದೆ.

ಒಂದೇ ಕೀಲಿ, ಮೂರು ಕೆಲಸ

ಕೈಯಲ್ಲಿರುವ ಕೀಲಿ ಒಂದೇ ಆದರೂ ಅದರ ಹಿಂದೆ ಮೂರು ಬೇರೆ ವ್ಯವಸ್ಥೆಗಳಿವೆ. ಸೆಂಟ್ರಲ್ ಲಾಕ್ ಬಾಗಿಲು ಹಾಕಿ ತೆಗೆಯುತ್ತದೆ. ಅಲಾರಂ ಬಾಗಿಲು, ಬಾನೆಟ್, ಡಿಕ್ಕಿ ಮತ್ತು ಅಲುಗಾಟವನ್ನು ಕಾಯುತ್ತದೆ. ಇಮೊಬಿಲೈಸರ್ ಇಂಜಿನ್ ಓಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ.

ಮೊದಲಿನ ಎರಡಕ್ಕೆ ರಿಮೋಟಿನ ಸೆಲ್ ಬೇಕು. ಇಮೊಬಿಲೈಸರಿಗೆ ಬೇಡ. ಕೀಲಿಯ ತಲೆಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಕೀಲಿ ತೂರಿಸುವ ಜಾಗದ ಸುತ್ತ ಇರುವ ತಂತಿಯ ಸುರುಳಿ ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಆ ಚಿಪ್ಪಿಗೆ ಶಕ್ತಿ ಕೊಟ್ಟು ಅದರ ಗುರುತು ಓದುತ್ತದೆ. ಹಾಗಾಗಿ ರಿಮೋಟಿನ ಸೆಲ್ ಪೂರ್ತಿ ಮುಗಿದಿದ್ದರೂ, ಕೀಲಿ ತಿರುಗಿಸುವ ಕಾರು ಸ್ಟಾರ್ಟ್ ಆಗಲೇಬೇಕು. ಇದನ್ನು ನೆನಪಿಟ್ಟರೆ ಅರ್ಧ ಗೊಂದಲ ಕಳೆಯುತ್ತದೆ.

ಇನ್ನೊಂದು ವಿಷಯ. ನಿಮ್ಮ ಅಲಾರಂ ಕಂಪನಿಯಿಂದಲೇ ಬಂದದ್ದೋ, ಆಮೇಲೆ ಆಕ್ಸೆಸರಿ ಅಂಗಡಿಯಲ್ಲಿ ಹಾಕಿಸಿದ್ದೋ ನೋಡಿಕೊಳ್ಳಿ. ಹಾಕಿಸಿದ್ದಾದರೆ ರಿಮೋಟ್ ಬೇರೆ ಇರುತ್ತದೆ, ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿದ ಕೆಂಪು ಅಥವಾ ನೀಲಿ ಎಲ್‌ಇಡಿ ಮಿನುಗುತ್ತದೆ, ಬಾನೆಟ್ ಕೆಳಗೆ ಕಹಳೆಯಂಥ ಕಪ್ಪು ಸೈರನ್ ಇರುತ್ತದೆ. ಕಂಪನಿಯ ಅಲಾರಂಗಳಲ್ಲಿ ಹಲವು ಕಾರಿನ ಹಾರ್ನನ್ನೇ ಬಳಸುತ್ತವೆ. ಎರಡರ ದೋಷಗಳೂ ಬೇರೆ, ಪರಿಹಾರವೂ ಬೇರೆ.

ರಿಮೋಟ್ ಒತ್ತಿದರೆ ಏನೂ ಆಗುವುದಿಲ್ಲ

ಮೊದಲ ಕೆಲಸ, ಮನೆಯಲ್ಲಿರುವ ಎರಡನೇ ರಿಮೋಟ್ ತಂದು ಒತ್ತಿ ನೋಡುವುದು. ಅದು ಕೆಲಸ ಮಾಡಿದರೆ ಕಾರು ಸರಿಯಿದೆ, ದೋಷ ಮೊದಲ ರಿಮೋಟಿನಲ್ಲಿದೆ. ಎರಡೂ ಕೆಲಸ ಮಾಡದಿದ್ದರೆ ಕಾರಿನ ಕಡೆ ನೋಡಿ. ಮುಖ್ಯವಾಗಿ ಕಾರಿನ ಬ್ಯಾಟರಿ.

ಬಾಗಿಲನ್ನು ಕೀಲಿಯಿಂದ ತೆರೆಯಿರಿ. ಬಟನ್ ಸ್ಟಾರ್ಟ್ ಕಾರಿನ ಸ್ಮಾರ್ಟ್ ಕೀ ಒಳಗೂ ಒಂದು ಲೋಹದ ಕೀಲಿ ಅಡಗಿರುತ್ತದೆ. ಪಕ್ಕದ ಸಣ್ಣ ಗುಂಡಿ ಒತ್ತಿ ಎಳೆದರೆ ಹೊರಬರುತ್ತದೆ. ಅಲಾರಂ ಆನ್ ಇದ್ದಾಗ ಹೀಗೆ ತೆರೆದರೆ ಕೂಗಬಹುದು. ಅದು ದೋಷ ಅಲ್ಲ, ಅದರ ಕೆಲಸವೇ ಅದು. ಗಾಬರಿಯಾಗದೆ ಒಳಗೆ ಕೂತು ಕೀಲಿ ಆನ್ ಮಾಡಿ. ಕಂಪನಿಯ ಅಲಾರಂ ಇದ್ದರೆ ಹಲವು ಕಾರುಗಳಲ್ಲಿ ಕೀಲಿಯ ಚಿಪ್ ಗುರುತು ಹಿಡಿದ ಕೂಡಲೇ ಸದ್ದು ನಿಲ್ಲುತ್ತದೆ. ಹೊರಗಿನಿಂದ ಹಾಕಿಸಿದ ಅಲಾರಂ ಆದರೆ ಸ್ಟೀರಿಂಗ್ ಕೆಳಗೆ ಎಲ್ಲೋ ಒಂದು ಸಣ್ಣ ವ್ಯಾಲೆ ಸ್ವಿಚ್ ಅಡಗಿಸಿ ಇಟ್ಟಿರುತ್ತಾರೆ. ಕೀಲಿ ಆನ್ ಇಟ್ಟು ಅದನ್ನು ಒತ್ತಿದರೆ ಅಲಾರಂ ಬಂದ್ ಆಗುತ್ತದೆ. ಕೆಲವು ಮಾದರಿಗಳಿಗೆ ಪಿನ್ ಸಂಖ್ಯೆಯಂತೆ ಇಂತಿಷ್ಟು ಸಲ ಒತ್ತಬೇಕು. ಆ ಸ್ವಿಚ್ ಎಲ್ಲಿದೆ, ಎಷ್ಟು ಸಲ ಒತ್ತಬೇಕು ಅಂತ ಹಾಕಿಸಿದ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಪಂಪ್‌ವೆಲ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಕಾರು ಕೂಗುತ್ತಾ ನಿಂತಾಗ ಹುಡುಕುವ ವಸ್ತು ಅದಲ್ಲ.

ಈಗ ಕಾರಿನ ಬ್ಯಾಟರಿ. ಮಲ್ಟಿಮೀಟರ್ ಇದ್ದರೆ ಅಳೆಯಿರಿ. ರಾತ್ರಿ ನಿಂತ ಕಾರಿನಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12ಕ್ಕೆ ಬಂದಿದ್ದರೆ ಬಹುತೇಕ ಖಾಲಿ. ಮೀಟರ್ ಇಲ್ಲದಿದ್ದರೆ ಒಳಗಿನ ದೀಪ ಹಚ್ಚಿ ನೋಡಿ. ಮಂಕಾಗಿದ್ದರೆ, ಸ್ಟಾರ್ಟ್ ಮಾಡುವಾಗ ಕಟಕಟ ಸದ್ದು ಮಾತ್ರ ಬಂದರೆ, ರಿಮೋಟನ್ನು ದೂರಿ ಪ್ರಯೋಜನ ಇಲ್ಲ.

ಬ್ಯಾಟರಿ ಸರಿಯಿದ್ದರೆ ರಿಮೋಟ್ ಬಿಚ್ಚಿ. ಈಗಿನ ರಿಮೋಟುಗಳಲ್ಲಿ ಹೆಚ್ಚಾಗಿ ಸಿಆರ್ 2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ ಇರುತ್ತದೆ. ಹೊರಗಿನಿಂದ ಹಾಕಿಸಿದ ಅಲಾರಂಗಳ ರಿಮೋಟುಗಳಲ್ಲಿ 23ಎ ಅಥವಾ 27ಎ ಎಂಬ 12 ವೋಲ್ಟಿನ ಪುಟ್ಟ ಕೊಳವೆ ಸೆಲ್ ಇರುವುದೂ ಉಂಟು. ಅಂಗಡಿಗೆ ಹೋಗುವಾಗ ಹಳೆಯದನ್ನೇ ತೆಗೆದುಕೊಂಡು ಹೋಗಿ. 2032ರ ಜಾಗಕ್ಕೆ 2025 ಹಾಕಿದರೆ ಅಗಲ ಅಷ್ಟೇ ಇರುತ್ತದೆ, ದಪ್ಪ ಕಡಿಮೆ. ಕಾಂಟ್ಯಾಕ್ಟ್ ಸಡಿಲವಾಗಿ ಕೆಲವೊಮ್ಮೆ ಕೆಲಸ ಮಾಡುತ್ತದೆ, ಕೆಲವೊಮ್ಮೆ ಇಲ್ಲ.

ಸೆಲ್ ಅಳೆಯುವಾಗ ಒಂದು ಮೋಸ ಇದೆ. ಸವೆದ ಸೆಲ್ ಸುಮ್ನೆ ಇಟ್ಟು ಅಳೆದರೆ 3 ವೋಲ್ಟ್ ತೋರಿಸಬಹುದು. ಬಟನ್ ಒತ್ತಿದ ಕ್ಷಣ ಕುಸಿಯುತ್ತದೆ. ರಿಮೋಟಿನ ಪುಟ್ಟ ದೀಪ ಹತ್ತುತ್ತದೆ ಅಂತ ಸೆಲ್ ಸರಿಯಿದೆ ಅಂದುಕೊಳ್ಳಬೇಡಿ. ದೀಪಕ್ಕೆ ಸಾಕಾಗುವ ಶಕ್ತಿ ರೇಡಿಯೊ ಅಲೆಗೆ ಸಾಕಾಗದೆ ಇರಬಹುದು. ಮೊದಲು ಅಂಗಳದ ಆಚೆಯಿಂದ ತೆರೆಯುತ್ತಿದ್ದ ಕಾರು ಈಗ ಬಾಗಿಲ ಪಕ್ಕ ನಿಂತರೆ ಮಾತ್ರ ತೆರೆಯುತ್ತದೆ ಎಂದಾದರೆ, ಅಳೆಯುತ್ತಾ ಕೂರದೆ ಹೊಸ ಸೆಲ್ ಹಾಕಿ. ಟಿವಿ ರಿಮೋಟಿನ ಹಾಗೆ ಮೊಬೈಲ್ ಕ್ಯಾಮೆರಾ ಮುಂದೆ ಹಿಡಿದು ಪರೀಕ್ಷಿಸುವವರಿದ್ದಾರೆ. ಕಾರಿನ ರಿಮೋಟ್ ಬೆಳಕಿನಿಂದ ನಡೆಯುವುದಿಲ್ಲ, ರೇಡಿಯೊದಿಂದ ನಡೆಯುತ್ತದೆ. ಕ್ಯಾಮೆರಾದಲ್ಲಿ ಏನೂ ಕಾಣುವುದಿಲ್ಲ.

ಹೊಸ ಸೆಲ್ ಹಾಕಿಯೂ ಕೆಲಸ ಮಾಡದಿದ್ದರೆ ಎರಡು ಸಂಗತಿ ನೋಡಿ. ಒಂದು, ಪ್ಲಸ್ ಬದಿ ಸರಿಯಾಗಿ ಕೂತಿದೆಯಾ. ಇನ್ನೊಂದು, ಮಕ್ಕಳು ನುಂಗದಿರಲಿ ಎಂದು ಕೆಲವು ಸೆಲ್‌ಗಳಿಗೆ ಕಹಿ ಲೇಪ ಹಚ್ಚಿರುತ್ತಾರೆ. ಆ ಲೇಪ ಕೆಲವು ರಿಮೋಟುಗಳಲ್ಲಿ ಕಾಂಟ್ಯಾಕ್ಟಿಗೆ ಅಡ್ಡಿಯಾಗುತ್ತದೆ. ಲೇಪ ಇಲ್ಲದ ಸೆಲ್ ಹಾಕಿ ನೋಡಿ. ಆದರೆ ಹಳೆಯದನ್ನಾಗಲಿ ಹೊಸದನ್ನಾಗಲಿ ಮಕ್ಕಳ ಕೈಗೆ ಎಟುಕುವಲ್ಲಿ ಇಡಬೇಡಿ. ಬಿಲ್ಲೆ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಓಡಬೇಕು.

ನೀರಿಗೆ ಬಿದ್ದ ರಿಮೋಟ್ ನಮ್ಮೂರಿನ ದೊಡ್ಡ ಸಮಸ್ಯೆ. ಮಳೆಯಲ್ಲಿ ಅಂಗಿಯ ಜೇಬಿನಲ್ಲಿ ನೆನೆಯುತ್ತದೆ. ಮಲ್ಪೆಯಲ್ಲೋ ಪಣಂಬೂರಿನಲ್ಲೋ ಅಲೆಗೆ ಇಳಿದಾಗ ಚಡ್ಡಿಯ ಜೇಬಿನಲ್ಲಿ ಉಳಿದಿರುತ್ತದೆ. ಒದ್ದೆಯಾದ ಕೂಡಲೇ ಸೆಲ್ ಹೊರತೆಗೆಯಿರಿ, ಬಟನ್ ಒತ್ತಿ ಪರೀಕ್ಷೆ ಮಾಡಬೇಡಿ. ಮಳೆನೀರಾದರೆ ಒಣಗಿಸಿದರೆ ಸಾಕಾಗಬಹುದು. ಸಮುದ್ರದ ನೀರಾದರೆ ಸಾಲದು. ನೀರು ಒಣಗಿದರೂ ಉಪ್ಪು ಬೋರ್ಡಿನ ಮೇಲೆ ಉಳಿದು ತಾಮ್ರವನ್ನು ತಿನ್ನುತ್ತದೆ. ಆದ್ದರಿಂದ ಬೋರ್ಡನ್ನು ಮೊದಲು ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯಿರಿ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ, ಫ್ಯಾನ್ ಕೆಳಗೆ ಒಂದಿಡೀ ದಿನ ಬಿಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಉಪ್ಪು ಹೋಗುವುದಿಲ್ಲ. ಹಸಿರು ಕಿಲುಬು ಕಂಡರೆ, ಸೆಲ್ ಹಿಡಿಯುವ ತಗಡಿನ ಬೆಸುಗೆ ಬಿಟ್ಟಿದ್ದರೆ, ಮೊಬೈಲ್ ರಿಪೇರಿ ಮಾಡುವವರೇ ಸುಲಭವಾಗಿ ಸರಿಮಾಡುತ್ತಾರೆ.

ಸೆಲ್ ಹೊಸದು, ಬೋರ್ಡ್ ಒಣಗಿದೆ, ಆದರೂ ಕಾರು ಕೇಳುವುದಿಲ್ಲವಾ? ಹೊಂದಾಣಿಕೆ ತಪ್ಪಿರಬಹುದು. ಈ ರಿಮೋಟುಗಳು ಪ್ರತಿ ಸಲವೂ ಹೊಸ ಕೋಡ್ ಕಳಿಸುತ್ತವೆ. ಒಮ್ಮೆ ಬಳಸಿದ ಕೋಡನ್ನು ಕಾರು ಮತ್ತೆ ಒಪ್ಪುವುದಿಲ್ಲ. ಯಾರೋ ಕದ್ದು ರೆಕಾರ್ಡ್ ಮಾಡಿ ಮತ್ತೆ ಕಳಿಸಿದರೆ ಬಾಗಿಲು ತೆರೆಯಬಾರದಲ್ವಾ, ಅದಕ್ಕೆ ಈ ಏರ್ಪಾಡು. ಮಗು ರಿಮೋಟ್ ಹಿಡಿದು ಮನೆಯೊಳಗೆ ಇಡೀ ಮಧ್ಯಾಹ್ನ ಒತ್ತುತ್ತಾ ಕೂತರೆ, ರಿಮೋಟಿನ ಎಣಿಕೆ ಕಾರಿನ ಎಣಿಕೆಗಿಂತ ತುಂಬಾ ಮುಂದೆ ಹೋಗಿಬಿಡುತ್ತದೆ. ಕಾರಿನ ಪಕ್ಕ ನಿಂತು ಬೆನ್ನುಬೆನ್ನಿಗೆ ಎರಡು ಸಲ ಒತ್ತಿ ನೋಡಿ. ಹಲವು ವ್ಯವಸ್ಥೆಗಳು ಇಷ್ಟಕ್ಕೇ ಸರಿಹೋಗುತ್ತವೆ. ಇನ್ನು ಕೆಲವಕ್ಕೆ ಕೀಲಿ ಆನ್ ಮಾಡಿ ಲಾಕ್ ಬಟನ್ ಒತ್ತಿ ಹಿಡಿಯಬೇಕು. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಕ್ರಮ ಬರೆದಿರುತ್ತದೆ.

ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿದ ರಿಮೋಟ್ ಯಾವತ್ತೂ ಜೋಡಣೆ ಆಗದಿದ್ದರೆ ಅದರ ಫ್ರೀಕ್ವೆನ್ಸಿ ನೋಡಿ. ನಮ್ಮಲ್ಲಿನ ಕಾರುಗಳು ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್ ಬಳಸುತ್ತವೆ. ಅಮೆರಿಕ, ಜಪಾನ್ ಮಾರುಕಟ್ಟೆಯ ರಿಮೋಟುಗಳಲ್ಲಿ 315 ಇರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ, ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ.

ಕೊನೆಯದು ಜಾಗದ ಸಮಸ್ಯೆ. ಆಫೀಸಿನ ಪಾರ್ಕಿಂಗಿನಲ್ಲಿ ರಿಮೋಟ್ ಚೆನ್ನಾಗಿದೆ, ಮನೆಯ ಮುಂದೆ ಮಾತ್ರ ಇಲ್ಲ ಎಂದಾದರೆ ಅಲ್ಲಿ ಬೇರೆ ಅಲೆ ಅಡ್ಡ ಬರುತ್ತಿದೆ. ಇದೇ ಫ್ರೀಕ್ವೆನ್ಸಿಯಲ್ಲಿ ವಯರ್ ಇಲ್ಲದ ಕಾಲಿಂಗ್ ಬೆಲ್, ಗೇಟಿನ ರಿಮೋಟ್ ಕೂಡ ಕೆಲಸ ಮಾಡುತ್ತವೆ. ಕಾರಿನೊಳಗಿನ ಅಗ್ಗದ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್ ಕೂಡ ಗದ್ದಲ ಹೊರಡಿಸುತ್ತವೆ. ಮೊದಲು ಅವನ್ನು ಕಳಚಿ ನೋಡಿ, ನಂತರ ನೆರೆಮನೆಯ ಗೇಟಿನ ಕಡೆ ನೋಡಿ.

ಇಂಡಿಕೇಟರ್ ಮಿನುಗುತ್ತದೆ, ಬಾಗಿಲು ಅಲುಗುವುದಿಲ್ಲ

ಇಲ್ಲಿ ರಿಮೋಟ್ ಸರಿಯಿದೆ, ಕಾರಿಗೆ ಮಾತು ಕೇಳಿಸಿದೆ. ಒಂದೇ ಬಾಗಿಲು ಕೈಕೊಟ್ಟರೆ ಆ ಬಾಗಿಲಿನೊಳಗಿನ ಲಾಕ್ ಮೋಟರ್ ಅಥವಾ ಅದರ ವಯರ್. ಎಲ್ಲ ಬಾಗಿಲೂ ಸುಮ್ಮನಿದ್ದರೆ ಫ್ಯೂಸ್ ನೋಡಿ. ಡ್ರೈವರ್ ಬಾಗಿಲು ಮತ್ತು ಬಾಡಿಯ ನಡುವೆ ರಬ್ಬರ್ ಕೊಳವೆಯೊಂದಿದೆ. ವರ್ಷಗಟ್ಟಲೆ ಬಾಗಿಲು ತೆರೆದು ಹಾಕಿ ಅದರೊಳಗಿನ ವಯರುಗಳು ಮುರಿಯುತ್ತವೆ. ಬಾಗಿಲು ಅರ್ಧ ತೆರೆದಿಟ್ಟಾಗ ಲಾಕ್ ಕೆಲಸ ಮಾಡಿ, ಪೂರ್ತಿ ಮುಚ್ಚಿದಾಗ ಮಾಡದಿದ್ದರೆ ದೋಷ ಅಲ್ಲೇ. ಲಾಕ್ ಆಗಿ ಮರುಕ್ಷಣ ತಾನಾಗಿ ತೆರೆದುಕೊಳ್ಳುತ್ತದೆ ಎಂದಾದರೆ ಯಾವುದೋ ಬಾಗಿಲು ಸರಿಯಾಗಿ ಮುಚ್ಚಿಲ್ಲ, ಅಥವಾ ಮುಚ್ಚಿಲ್ಲ ಅಂತ ಸ್ವಿಚ್ ಹೇಳುತ್ತಿದೆ.

ಸುಮ್ಮನೆ ಕೂಗುವ ಅಲಾರಂ

ಜಾಸ್ತಿ ಬೇಸರ ತರುವ ದೋಷ ಇದು. ಆದರೆ ಅಲಾರಂ ಸುಮ್ಮನೆ ಕೂಗುವುದಿಲ್ಲ. ಯಾವುದೋ ಸ್ವಿಚ್ ಅಥವಾ ಸೆನ್ಸರ್ ಅದಕ್ಕೆ ಸುಳ್ಳು ಸುದ್ದಿ ಕೊಟ್ಟಿರುತ್ತದೆ. ಯಾವುದು ಅಂತ ಕಂಡುಹಿಡಿಯಬೇಕು.

ಮೊದಲು ಅಲಾರಮ್ಮನ್ನೇ ಕೇಳಿ. ಹೊರಗಿನಿಂದ ಹಾಕಿಸಿದ ಹಲವು ಮಾದರಿಗಳು ತಮ್ಮ ಕಾರಣವನ್ನು ತಾವೇ ಹೇಳುತ್ತವೆ. ಅನ್‌ಲಾಕ್ ಮಾಡಿದಾಗ ಮಾಮೂಲಿಗಿಂತ ಹೆಚ್ಚು ಸಲ ಪೀಪ್ ಎಂದರೆ, ನೀವಿಲ್ಲದಾಗ ಅಲಾರಂ ಕೂಗಿದೆ ಎಂದರ್ಥ. ಡ್ಯಾಶ್‌ಬೋರ್ಡಿನ ಎಲ್‌ಇಡಿ ಎಷ್ಟು ಸಲ ಮಿನುಗಿ ನಿಲ್ಲುತ್ತದೆ ಎಂಬುದರಲ್ಲಿ ಬಾಗಿಲೋ, ಬಾನೆಟ್ಟೋ, ಅಲುಗಾಟವೋ ಎಂಬ ಗುರುತಿರುತ್ತದೆ. ಲೆಕ್ಕ ಮಾದರಿಯಿಂದ ಮಾದರಿಗೆ ಬೇರೆ, ಡಬ್ಬಿಯ ಜೊತೆ ಬಂದ ಹಾಳೆಯಲ್ಲಿ ಇರುತ್ತದೆ. ಕೀಲಿ ಆನ್ ಮಾಡುವ ಮೊದಲೇ ಎಣಿಸಿ. ಆನ್ ಮಾಡಿದರೆ ಹಲವದರಲ್ಲಿ ಆ ನೆನಪು ಅಳಿಸಿಹೋಗುತ್ತದೆ.

ಎಲ್‌ಇಡಿಯಿಂದ ಏನೂ ತಿಳಿಯದಿದ್ದರೆ, ಕರಾವಳಿಯಲ್ಲಿ ನಾನು ಮೊದಲು ಅನುಮಾನ ಪಡುವುದು ಬಾನೆಟ್ ಸ್ವಿಚ್ಚನ್ನು. ಕಾರಣ ಸರಳ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಗಾಳಿಯಲ್ಲಿ ಉಪ್ಪಿದೆ. ಸುರತ್ಕಲ್, ಉಳ್ಳಾಲ, ಮಲ್ಪೆಯಂಥ ಕಡಲಂಚಿನ ಊರುಗಳಲ್ಲಿ ಗೇಟಿನ ಕಬ್ಬಿಣವೇ ಉಳಿಯುವುದಿಲ್ಲ. ಬಾನೆಟ್ ಸ್ವಿಚ್ ಎಂದರೆ ಬಾನೆಟ್ ಅಂಚಿನಲ್ಲಿ ಸ್ಪ್ರಿಂಗ್ ಮೇಲೆ ನಿಂತ ಒಂದು ಪುಟ್ಟ ಲೋಹದ ಕಡ್ಡಿ. ಬಾನೆಟ್ ಮುಚ್ಚಿದಾಗ ಕೆಳಗೆ ಒತ್ತಿಹೋಗುತ್ತದೆ. ತೆರೆದಾಗ ಮೇಲೆದ್ದು ಬಾಡಿಗೆ ತಾಗಿ ಅರ್ತ್ ಆಗುತ್ತದೆ, ಅಲಾರಮ್ಮಿಗೆ ಸುದ್ದಿ ಮುಟ್ಟುತ್ತದೆ. ನೀರು, ಉಪ್ಪು, ಕೆಂಪು ಮಣ್ಣಿನ ಕೆಸರು ಸೇರಿ ಈ ಅರ್ತ್ ಸುಮ್ಮನೆ ಆಗಿಬಿಟ್ಟರೆ, ಬಾನೆಟ್ ಮುಚ್ಚಿದ್ದರೂ ತೆರೆದಿದೆ ಎಂಬ ಸುದ್ದಿ ಹೋಗುತ್ತದೆ. ಮಳೆ ಜೋರಾದಾಗ ಕೂಗಿ, ಬಿಸಿಲು ಬಂದಾಗ ಸುಮ್ಮನಾಗುವ ಅಲಾರಂ ಹೆಚ್ಚಾಗಿ ಇದೇ.

ಪರೀಕ್ಷೆ ಹೀಗೆ. ಬಾನೆಟ್ ತೆರೆದು, ಸ್ವಿಚ್ಚಿನ ಒಂದೇ ಒಂದು ವಯರನ್ನು ಕಳಚಿ, ತುದಿಗೆ ಟೇಪ್ ಸುತ್ತಿ ಎಲ್ಲೂ ತಾಗದಂತೆ ಇಡಿ. ಬಾನೆಟ್ ಹಾಕಿ ಅಲಾರಂ ಆನ್ ಮಾಡಿ ರಾತ್ರಿ ಕಳೆಯಲಿ. ಕೂಗದಿದ್ದರೆ ಕಳ್ಳ ಸಿಕ್ಕ. ಹೊರಗಿನಿಂದ ಹಾಕಿಸಿದ ಅಲಾರಮ್ಮಿಗೆ ಈ ಪರೀಕ್ಷೆ ಸರಿ. ಕಂಪನಿಯ ಅಲಾರಂ ಇರುವ ಕೆಲವು ಕಾರುಗಳಲ್ಲಿ ಸ್ವಿಚ್ ಬಾನೆಟ್ ಲಾಕಿನೊಳಗೇ ಇರುತ್ತದೆ ಮತ್ತು ಪ್ಲಗ್ ಕಳಚಿದರೆ ಬಾನೆಟ್ ತೆರೆದಿದೆ ಎಂದೇ ತಿಳಿಯುತ್ತದೆ. ಅಲ್ಲಿ ಲಾಕನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು ನೋಡಬೇಕು. ದೋಷ ಖಚಿತವಾದ ಮೇಲೆ ಹೊಸ ಸ್ವಿಚ್ ಹಾಕಿಸಿ, ಇದು ಅಗ್ಗದ ಸಾಮಾನು. ಹಾಕುವಾಗ ನೀರು ಹರಿಯುವ ಕಾಲುವೆಯಲ್ಲಿ ಹಾಕದೆ ಸ್ವಲ್ಪ ಎತ್ತರದ ಜಾಗ ನೋಡಲು ಹೇಳಿ, ರಬ್ಬರ್ ಟೋಪಿ ಇದೆಯಾ ಅಂತ ನೋಡಿಕೊಳ್ಳಿ. ಕಳಚಿದ ವಯರನ್ನು ಹಾಗೇ ಬಿಟ್ಟು ಮರೆಯಬೇಡಿ. ಬಾನೆಟ್ ಕಾವಲಿಲ್ಲದಿದ್ದರೆ ಬ್ಯಾಟರಿ ವಯರ್ ಕಿತ್ತು ಅಲಾರಮ್ಮನ್ನೇ ಸುಮ್ಮನಾಗಿಸುವುದು ಕಳ್ಳನಿಗೆ ಕ್ಷಣದ ಕೆಲಸ.

ನಂತರ ಬಾಗಿಲ ಸ್ವಿಚ್ಚುಗಳು. ಕತ್ತಲಾದ ಮೇಲೆ ಕಾರಿನೊಳಗೆ ಕೂತು ಒಂದೊಂದೇ ಬಾಗಿಲು ತೆರೆದು ಮುಚ್ಚಿ. ಒಳಗಿನ ದೀಪ ಪ್ರತಿ ಸಲವೂ ಹತ್ತಿ ಆರಬೇಕು. ಮುಚ್ಚಿದ ಬಾಗಿಲನ್ನು ಒಳಗಿನಿಂದ ಭುಜದಿಂದ ಮೆತ್ತಗೆ ನೂಕಿದಾಗ ದೀಪ ಮಿಣುಕಿದರೆ ಆ ಸ್ವಿಚ್ ಸಡಿಲ. ಡಿಕ್ಕಿಯನ್ನೂ ಮರೆಯಬೇಡಿ.

ಆಮೇಲೆ ಅಲುಗಾಟದ ಸೆನ್ಸರ್. ಡ್ಯಾಶ್‌ಬೋರ್ಡ್ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ, ಮೇಲೊಂದು ತಿರುಗಿಸುವ ತಿರುಪು. ಗುಡುಗು, ದೀಪಾವಳಿಯ ಪಟಾಕಿ, ಹೆದ್ದಾರಿ 66ರ ಪಕ್ಕದ ಮನೆಗಳಲ್ಲಿ ರಾತ್ರಿ ಹೋಗುವ ಟ್ರಕ್ಕುಗಳು, ಮೇಲಿಂದ ಬೀಳುವ ಮಾವಿನ ಮಿಡಿ, ಬೆಚ್ಚಗಿನ ಬಾನೆಟ್ ಮೇಲೆ ಹಾರಿ ಮಲಗುವ ಬೆಕ್ಕು, ಎಲ್ಲಕ್ಕೂ ಕೂಗಿದರೆ ಸೂಕ್ಷ್ಮತೆ ಜಾಸ್ತಿಯಿದೆ. ತಿರುಪನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ. ಪ್ರತಿ ಸಲ ಅಲಾರಂ ಆನ್ ಮಾಡಿ, ಅರ್ಧ ನಿಮಿಷ ಕಾದು, ಬಾಗಿಲ ನಡುವಿನ ಕಂಬಕ್ಕೆ ಅಂಗೈಯಿಂದ ತಟ್ಟಿ. ಮೆತ್ತಗೆ ತಟ್ಟಿದರೆ ಸುಮ್ಮನಿದ್ದು ಜೋರಾಗಿ ತಟ್ಟಿದರೆ ಕೂಗಬೇಕು. ಗಾಜಿಗೆ ಬಡಿದು ಪರೀಕ್ಷಿಸಬೇಡಿ. ಪೂರ್ತಿ ಸೊನ್ನೆಗೆ ಇಳಿಸಿದರೆ ಗಾಜು ಒಡೆದು ಕೈಹಾಕುವವನು ಅಲಾರಮ್ಮಿಗೆ ಗೊತ್ತಾಗುವುದಿಲ್ಲ. ಡಬ್ಬಿಯನ್ನು ಹಿಡಿದು ಅಲುಗಿಸಿಯೂ ನೋಡಿ. ಅಂಟು ಟೇಪಿನಲ್ಲಿ ಕೂರಿಸಿದ್ದರೆ ಏಪ್ರಿಲ್, ಮೇ ಬಿಸಿಲಿಗೆ ಅಂಟು ಬಿಟ್ಟು ಡಬ್ಬಿ ನೇತಾಡುತ್ತಿರುತ್ತದೆ. ಆಗ ತಿರುಪು ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ, ಗಟ್ಟಿಯಾಗಿ ಕಟ್ಟಿಸಬೇಕು.

ಕೆಲವು ಕಾರುಗಳಲ್ಲಿ ಒಳಗಿನ ಚಲನೆ ಗಮನಿಸುವ ಅಲ್ಟ್ರಾಸಾನಿಕ್ ಸೆನ್ಸರ್ ಇರುತ್ತದೆ. ಸೆಕೆಗೆ ಗಾಜು ಒಂದಿಂಚು ಇಳಿಸಿ ಹೋದರೆ, ಕನ್ನಡಿಗೆ ನೇತುಹಾಕಿದ ಮಾಲೆ ಗಾಳಿಗೆ ಅಲ್ಲಾಡಿದರೂ ಸಾಕು, ಕೂಗುತ್ತದೆ.

ಇಷ್ಟೆಲ್ಲ ನೋಡಿಯೂ ಸಿಗದಿದ್ದರೆ ಮುಂದಿನ ಎಡ ಸೀಟಿನ ಕಾಲಡಿಯ ಕಾರ್ಪೆಟ್ ಮುಟ್ಟಿ ನೋಡಿ. ನಮ್ಮಲ್ಲಿ ಎಸಿ ಇಲ್ಲದೆ ಓಡಾಟ ಇಲ್ಲ. ಎಸಿಯ ನೀರು ಹೊರಹೋಗುವ ರಬ್ಬರ್ ನಳಿಗೆ ಕಟ್ಟಿಕೊಂಡರೆ ಆ ನೀರು ಒಳಗೇ ಸುರಿಯುತ್ತದೆ. ಅಲಾರಮ್ಮಿನ ಡಬ್ಬಿ, ದೀಪ, ಲಾಕ್ ಇತ್ಯಾದಿ ನಡೆಸುವ ಬಾಡಿ ಕಂಟ್ರೋಲ್ ಯೂನಿಟ್, ವಯರಿನ ಜೋಡಣೆಗಳು ಹಲವು ಕಾರುಗಳಲ್ಲಿ ಇಲ್ಲೇ ಆಸುಪಾಸು ಇರುತ್ತವೆ. ಮಳೆಗಾಲದಲ್ಲಿ ಕೊಟ್ಟಾರ ಚೌಕಿಯಂಥ ನೀರು ನಿಲ್ಲುವ ಜಾಗಗಳಲ್ಲಿ ಓಡಿಸಿದ ಕಾರಿಗೂ ಇದೇ ಗತಿ. ಕಾರ್ಪೆಟ್ ಎತ್ತಿ ಒಣಗಿಸದೆ ಹೊಸ ಅಲಾರಂ ಹಾಕಿಸಿದರೆ ಅದೂ ಹಾಳಾಗುತ್ತದೆ. ಮಳೆಗೆ ಬಾನೆಟ್ ಒಳಗೆ ಸೇರುವ ಇಲಿಗಳು ವಯರ್ ಕಡಿದಿರುವ ಸಾಧ್ಯತೆಯೂ ಉಂಟು. ಹಿಕ್ಕೆ, ಹರಿದ ಇನ್ಸುಲೇಷನ್ ಕಂಡರೆ ಗೊತ್ತಾಗುತ್ತದೆ.

ಬಾಗಿಲು ತೆರೆಯಿತು, ಇಂಜಿನ್ ಸ್ಟಾರ್ಟ್ ಆಗುವುದಿಲ್ಲ

ಕೀಲಿ ಆನ್ ಮಾಡಿ ಮೀಟರ್ ಕಡೆ ನೋಡಿ. ಕೀಲಿ ಅಥವಾ ಬೀಗದ ಚಿತ್ರದ ದೀಪ ಮಿನುಗುತ್ತಲೇ ಇದ್ದರೆ ಇಮೊಬಿಲೈಸರ್ ನಿಮ್ಮ ಕೀಲಿಯನ್ನು ಗುರುತಿಸಿಲ್ಲ. ಹಲವು ಕಾರುಗಳಲ್ಲಿ ಆಗ ಇಂಜಿನ್ ತಿರುಗಿದರೂ ಹಿಡಿಯುವುದಿಲ್ಲ, ಅಥವಾ ಹಿಡಿದ ಒಂದೆರಡು ಸೆಕೆಂಡಿನಲ್ಲಿ ಆರಿಹೋಗುತ್ತದೆ. ಗೊಂಚಲಿನಲ್ಲಿ ಇನ್ನೊಂದು ಕಾರಿನ ಚಿಪ್ ಕೀಲಿ ಇದ್ದರೆ ಬಿಡಿಸಿ ದೂರ ಇಡಿ. ಎರಡು ಚಿಪ್ ಒಟ್ಟಿಗೆ ಇದ್ದರೆ ಓದುವುದು ಕಷ್ಟ. ಎರಡನೇ ಕೀಲಿಯಿಂದ ಪ್ರಯತ್ನಿಸಿ.

ಇತ್ತೀಚೆಗೆ ಕೀಲಿಯ ಹೊರಕವಚ ಬದಲಿಸಿದ್ದೀರಾ? ಇದು ತುಂಬಾ ಕಡೆ ಆಗುವ ಎಡವಟ್ಟು. ಹಳೆಯ ಕವಚ ಒಡೆದಿದೆ ಅಂತ ಅಂಗಡಿಯಲ್ಲಿ ಚಂದದ ಫ್ಲಿಪ್ ಕೀ ಕವಚ ಹಾಕಿಸುತ್ತೇವೆ. ಬಟನ್ ಬೋರ್ಡ್ ಹೊಸ ಕವಚಕ್ಕೆ ಬರುತ್ತದೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಚಿಪ್ ಮಾತ್ರ ಹಳೆಯ ಕವಚದಲ್ಲೇ ಉಳಿದು ಕಸದ ಬುಟ್ಟಿ ಸೇರುತ್ತದೆ. ಬಾಗಿಲು ತೆರೆಯುತ್ತದೆ, ಕಾರು ಸ್ಟಾರ್ಟ್ ಆಗುವುದಿಲ್ಲ. ಹಳೆಯ ಕವಚ ಎಸೆಯುವ ಮುನ್ನ ಹೊಸ ಕೀಲಿಯಲ್ಲಿ ಕಾರು ಸ್ಟಾರ್ಟ್ ಮಾಡಿ ನೋಡಿ.

ಬಟನ್ ಸ್ಟಾರ್ಟ್ ಕಾರಿನಲ್ಲಿ ಸೆಲ್ ಸತ್ತಿದ್ದರೆ ಸ್ಮಾರ್ಟ್ ಕೀಯನ್ನು ಸ್ಟಾರ್ಟ್ ಬಟನ್ನಿಗೇ ತಾಗಿಸಿ ಹಿಡಿದು ಒತ್ತಿ. ಕೆಲವು ಕಾರುಗಳಲ್ಲಿ ಇದಕ್ಕೆ ಬೇರೆ ಜಾಗ ಗುರುತಿಸಿರುತ್ತಾರೆ.

ಇಮೊಬಿಲೈಸರ್ ದೀಪ ಸರಿಯಿದ್ದು, ಸ್ಟಾರ್ಟರ್ ತಿರುಗುವುದೇ ಇಲ್ಲ, ಬ್ಯಾಟರಿಯೂ ಗಟ್ಟಿಯಿದೆ ಎಂದಾದರೆ ಹೊರಗಿನ ಅಲಾರಮ್ಮಿನ ಕಟ್ ರಿಲೇ ನೋಡಿಸಿ. ಕಳ್ಳ ಸ್ಟಾರ್ಟ್ ಮಾಡದಿರಲಿ ಎಂದು ಸ್ಟಾರ್ಟರ್ ಅಥವಾ ಪೆಟ್ರೋಲ್ ಪಂಪಿನ ವಯರನ್ನು ಈ ರಿಲೇ ಮೂಲಕ ಹಾಯಿಸಿರುತ್ತಾರೆ. ವಯರುಗಳನ್ನು ಬರೀ ತಿರುಚಿ ಟೇಪ್ ಸುತ್ತಿದ್ದರೆ ಉಪ್ಪು ಗಾಳಿಗೆ ಅಲ್ಲಿ ಹಸಿರು ಕಟ್ಟುತ್ತದೆ. ಓಡುತ್ತಿರುವಾಗ ಪಂಪಿನ ಕರೆಂಟ್ ಕಡಿದರೆ ಕಾರು ಹೆದ್ದಾರಿಯಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಬೆಸುಗೆ ಹಾಕಿ ಸ್ಲೀವ್ ಕೂರಿಸಿದ ಜೋಡಣೆಗೆ ಒತ್ತಾಯ ಮಾಡಿ. ಪಂಪ್ ಕಟ್‌ಗಿಂತ ಸ್ಟಾರ್ಟರ್ ಕಟ್ ಸುರಕ್ಷಿತ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಿಲ್ಲಿಸಿಟ್ಟ ಕಾರಿನ ಬ್ಯಾಟರಿ ಇಳಿಯುವುದು

ಗಲ್ಫಿನಲ್ಲೋ ಮುಂಬೈಯಲ್ಲೋ ಕೆಲಸ, ಊರಿನ ಮನೆಯಲ್ಲಿ ಕಾರು. ಇಂಥ ಕುಟುಂಬಗಳು ನಮ್ಮಲ್ಲಿ ತುಂಬಾ. ರಜೆಗೆ ಬಂದಾಗ ರಿಮೋಟೂ ಇಲ್ಲ, ಸ್ಟಾರ್ಟೂ ಇಲ್ಲ. ನಿಂತ ಕಾರು 20ರಿಂದ 50 ಮಿಲಿಆಂಪಿಯರ್ ಕರೆಂಟ್ ಎಳೆಯುವುದು ಸಹಜ. 50 ಮಿಲಿಆಂಪಿಯರ್ ಅಂದರೆ ದಿನಕ್ಕೆ 1.2 ಆಂಪಿಯರ್ ಅವರ್. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಎರಡು ವಾರದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಒದ್ದೆಯಾದ ಅಲಾರಂ ಡಬ್ಬಿಯಿಂದ 300 ಮಿಲಿಆಂಪಿಯರ್ ಸೋರುತ್ತಿದ್ದರೆ ಎರಡು ಮೂರು ದಿನ ಸಾಕು.

ಅಳೆಯಲು ಮಲ್ಟಿಮೀಟರನ್ನು 10 ಆಂಪಿಯರ್ ಶ್ರೇಣಿಗೆ ಇಟ್ಟು ಬ್ಯಾಟರಿಯ ಮೈನಸ್ ತುದಿ ಮತ್ತು ಕಳಚಿದ ಮೈನಸ್ ವಯರಿನ ನಡುವೆ ಜೋಡಿಸಿ. ಕಾರು ಪೂರ್ತಿ ಮಲಗಲು ಅರ್ಧ ಗಂಟೆಯಾದರೂ ಕಾಯಿರಿ. ಮೀಟರ್ ಜೋಡಿಸಿದಾಗ ಕೀಲಿ ಆನ್ ಮಾಡಬೇಡಿ, ಮೀಟರಿನೊಳಗಿನ ಫ್ಯೂಸ್ ಸುಡುತ್ತದೆ. ಅಳತೆ ಜಾಸ್ತಿ ಬಂದರೆ ಕಾರಿನ ಒಂದೊಂದೇ ಫ್ಯೂಸ್ ತೆಗೆದು ನೋಡಿ. ಯಾವುದನ್ನು ತೆಗೆದಾಗ ಅಳತೆ ಬೀಳುತ್ತದೋ ಆ ದಾರಿಯಲ್ಲಿ ಸೋರಿಕೆ ಇದೆ.

ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಮನೆಯವರು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲಿ. ಮೈನಸ್ ವಯರ್ ಕಳಚಿಟ್ಟರೆ ಅಲಾರಮ್ಮೂ ಇರುವುದಿಲ್ಲ ಎಂಬುದು ನೆನಪಿರಲಿ. ಆಗ ಗೇರ್ ಲಾಕ್ ಹಾಕಿಡಿ. ಮತ್ತೆ ವಯರ್ ಜೋಡಿಸುವಾಗ ಅಲಾರಂ ಕಿರುಚಿಕೊಳ್ಳಬಹುದು, ರಿಮೋಟ್ ಕೈಯಲ್ಲಿರಲಿ.

ರಿಮೋಟೂ ಸರಿ, ಕಾರೂ ಸರಿ, ಆದರೂ ಲಾಕ್ ಆಗಲಿಲ್ಲ

ಮಲ್ಪೆ ಬೀಚಿನ ಪಾರ್ಕಿಂಗ್, ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯದ ಹೊತ್ತಿನಲ್ಲಿ ಉಡುಪಿಯ ರಥಬೀದಿಯ ಸುತ್ತಮುತ್ತ, ಇಂಥ ಗದ್ದಲದ ಕಡೆ ಒಮ್ಮೆ ಮಾತ್ರ ರಿಮೋಟ್ ಕೆಲಸ ಮಾಡದಿದ್ದರೆ ಹಗುರವಾಗಿ ಬಿಡಬೇಡಿ. ಅದೇ ಫ್ರೀಕ್ವೆನ್ಸಿಯಲ್ಲಿ ಗದ್ದಲ ಎಬ್ಬಿಸಿ ಲಾಕ್ ಆಗದಂತೆ ಮಾಡುವ ಜಾಮರುಗಳಿವೆ. ನಡೆಯುತ್ತಾ ಬೆನ್ನ ಹಿಂದೆ ರಿಮೋಟ್ ಒತ್ತಿ ಹೋಗುವ ಅಭ್ಯಾಸ ಬಿಡಿ. ಇಂಡಿಕೇಟರ್ ಮಿನುಗಿದ್ದು ನೋಡಿ, ಲಾಕ್ ಬಿದ್ದ ಸದ್ದು ಕೇಳಿ, ಹ್ಯಾಂಡಲ್ ಒಮ್ಮೆ ಎಳೆಯಿರಿ.

ಸ್ಮಾರ್ಟ್ ಕೀ ಇರುವವರು ರಾತ್ರಿ ಅದನ್ನು ಮುಂಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಬೇಡಿ. ಕೀಲಿಯ ಅಲೆಯನ್ನು ಹೊರಗಿನಿಂದ ಹಿಡಿದು ಕಾರಿನವರೆಗೆ ದಾಟಿಸುವ ಸಾಧನಗಳಿವೆ. ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿಟ್ಟು, ಡಬ್ಬಿ ಹಿಡಿದು ಕಾರಿನ ಬಳಿ ಹೋಗಿ ನೋಡಿ. ಬಾಗಿಲು ತೆರೆಯದಿದ್ದರೆ ಡಬ್ಬಿ ಒಳ್ಳೆಯದು.

ಒಂದು ರಿಮೋಟ್ ಕಳೆದುಹೋದರೆ ಉಳಿದದ್ದರಲ್ಲಿ ಕಾಲ ತಳ್ಳಬೇಡಿ. ಕಳೆದದ್ದರ ಗುರುತನ್ನು ಕಾರಿನ ನೆನಪಿನಿಂದ ಅಳಿಸಲು ಹೇಳಿ. ಕಾರು ಕಳವಾದರೆ ವಿಮೆಯವರು ಎರಡೂ ಕೀಲಿ ಕೇಳುತ್ತಾರೆ. ಕೀಲಿ ಕಳೆದಾಗಲೇ ಪೊಲೀಸ್ ಠಾಣೆಯಲ್ಲಿ ಬರೆಸಿ, ವಿಮೆಯವರಿಗೂ ತಿಳಿಸಿ ಇಟ್ಟಿದ್ದರೆ ಆಮೇಲೆ ಪರದಾಟ ಇರುವುದಿಲ್ಲ. ಕಾರೇ ಕಳವಾದರೆ ಮೊದಲು 112ಕ್ಕೆ ಕರೆ ಮಾಡಿ.

ಎಲೆಕ್ಟ್ರಿಷಿಯನ್ ಬಳಿ ಹೋಗುವಾಗ

ಬರೀ "ಅಲಾರಂ ಸರಿಯಿಲ್ಲ" ಅನ್ನಬೇಡಿ. ಎಷ್ಟು ಹೊತ್ತಿಗೆ ಕೂಗಿತು, ಮಳೆ ಇತ್ತಾ, ಎಲ್‌ಇಡಿ ಎಷ್ಟು ಸಲ ಮಿನುಗಿತು, ಎರಡನೇ ರಿಮೋಟಿನಲ್ಲಿ ಏನಾಯಿತು, ಯಾವ ವಯರ್ ಕಳಚಿದಾಗ ನಿಂತಿತು, ಇಷ್ಟು ಹೇಳಿ. ಎಲ್ಲ ರಿಮೋಟುಗಳನ್ನೂ ತೆಗೆದುಕೊಂಡು ಹೋಗಿ. ಹೊಸ ಕೋಡ್ ತುಂಬುವಾಗ ಹಲವು ಮಾದರಿಗಳಲ್ಲಿ ಹಳೆಯ ನೆನಪು ಪೂರ್ತಿ ಅಳಿಯುತ್ತದೆ, ಮನೆಯಲ್ಲಿ ಉಳಿದ ರಿಮೋಟ್ ಆಮೇಲೆ ಕೆಲಸ ಮಾಡುವುದಿಲ್ಲ. ಕಾರು ವಾರಂಟಿಯಲ್ಲಿದ್ದರೆ ಯಾವ ವಯರನ್ನೂ ಕತ್ತರಿಸುವ ಮೊದಲು ಶೋರೂಮಿನಲ್ಲಿ ವಿಚಾರಿಸಿ, ಎಲೆಕ್ಟ್ರಿಕಲ್ ವಾರಂಟಿ ಹೋಗಬಹುದು.

ಕಾರು ಹಿಂದಕ್ಕೆ ಪಡೆಯುವಾಗ ಅಲ್ಲೇ ನಿಂತು ಅಲಾರಂ ಆನ್ ಮಾಡಿಸಿ. ಒಳಗಿನಿಂದ ಒಂದು ಬಾಗಿಲು ತೆರೆಯಲು ಹೇಳಿ, ಕೂಗಬೇಕು. ಬಾನೆಟ್ ಎತ್ತಿಸಿ, ಕೂಗಬೇಕು. ಆಮೇಲೆ ಎಲ್ಲ ಮುಚ್ಚಿಸಿ, ಮತ್ತೆ ಅಲಾರಂ ಆನ್ ಮಾಡಿಸಿ, ಬಾನೆಟ್ಟಿಗೂ ಬಾಗಿಲುಗಳಿಗೂ ನೀರಿನ ಪೈಪ್ ಹಿಡಿಸಿ ಹತ್ತು ನಿಮಿಷ ಬಿಡಿ. ಈಗ ಕೂಗಬಾರದು. ಈ ಮೂರೂ ಸರಿಬಂದ ಮೇಲೆ ಬಿಲ್ ಕೊಡಿ.